ಒಂದು ಖಣ, ಒಂದು ಬಲ್ಬು, ಒಂದು ಸೋಪು

ಹಬ್ಬ ಹತ್ತಿರ ಬಂತೆಂದರೆ ಫೋನಿನ ತುಂಬ ಒಂದೇ ಬಗೆಯ ವಿಡಿಯೋಗಳು. ಸಾವಿರ ರೂಪಾಯಿಗೆ ಐದು ಕುರ್ತಿ, ಇನ್ನೂರಕ್ಕೆ ಹಾಲಿನ ಗೋಡೆಯನ್ನೇ ಬದಲಿಸುವ ಸ್ಟಿಕ್ಕರು, ತೊಂಬತ್ತೊಂಬತ್ತಕ್ಕೆ ಮುಖ ಬೆಳಗಿಸುವ ಕ್ರೀಮು. ಕಡಿಮೆ ದುಡ್ಡಿನಲ್ಲಿ ಚೆಂದವಾಗಿರಬೇಕು ಎನ್ನುವ ಆಸೆಯಲ್ಲಿ ಯಾವ ತಪ್ಪೂ ಇಲ್ಲ. ಬಾಡಿಗೆ, ಮಕ್ಕಳ ಫೀಸು, ಗ್ಯಾಸು, ಹಾಲು ಎಲ್ಲ ಕಳೆದು ಉಳಿದದ್ದರಲ್ಲೇ ನಮ್ಮಲ್ಲಿ ಹೆಚ್ಚಿನವರು ಬಟ್ಟೆಬರೆ ಕೊಳ್ಳುವುದು. ನನ್ನ ತಕರಾರು ಆ ದುಡ್ಡಿಗೆ ಅವರ ಕೈಗೆ ಬರುತ್ತಿರುವ ಮಾಲಿನ ಮೇಲೆ. ಎರಡು ಒಗೆತಕ್ಕೆ ಹಿಂಜಿಹೋಗುವ ಕುರ್ತಿ, ಮಳೆಗಾಲದ ತೇವಕ್ಕೆ ಅಂಚು ಬಿಟ್ಟು ಸುಣ್ಣವನ್ನೂ ಕಿತ್ತುಕೊಂಡು ಬರುವ ಸ್ಟಿಕ್ಕರು, ಯಾರು ತಯಾರಿಸಿದರೆಂದು ಡಬ್ಬಿಯ ಮೇಲೆ ಎಲ್ಲೂ ಬರೆದಿರದ ಕ್ರೀಮು.

ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ದೊಡ್ಡ ವಸ್ತುವಿನ ನಕಲಿಗಿಂತ ಚಿಕ್ಕ ವಸ್ತುವಿನ ಅಸಲು ಕೊಳ್ಳುವುದು ಮೇಲು ಎಂಬುದು ನನ್ನ ನಿಲುವು. ಅಂಥ ಚಿಕ್ಕ ಅಸಲು ವಸ್ತುಗಳು ನಮ್ಮ ಪೇಟೆಗಳಲ್ಲೇ ಇವೆ. ಅವುಗಳಲ್ಲಿ ಕೆಲವನ್ನು ಗುಣದ ಜೊತೆಗೆ ದೋಷವನ್ನೂ ಇಟ್ಟುಕೊಂಡು ನೋಡೋಣ.

ಮೊದಲು ಖಣ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಕುಣಿಮಗ್ಗಗಳಲ್ಲಿ ನೇಯ್ದ, ಒಂದು ಕುಪ್ಪಸಕ್ಕೆ ಸಾಲುವಷ್ಟು ಬಟ್ಟೆ. ಅಂಗಡಿಯವರು ಅದನ್ನು ಮುಕ್ಕೋನವಾಗಿ ಮಡಚಿ ಇಟ್ಟಿರುತ್ತಾರೆ. ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡಬೇಕು. ಹಳೆಯ ಕ್ರಮದಲ್ಲಿ ಹಾಸು ರೇಷ್ಮೆಯದು, ಹೊಕ್ಕು ಹತ್ತಿಯದು. ಆದ್ದರಿಂದಲೇ ಬಟ್ಟೆ ಒಂದು ಕಡೆಯಿಂದ ಹೊಳೆಯುತ್ತದೆ, ಮೈಗೆ ಮಾತ್ರ ಹತ್ತಿಯ ಹಿತ ಕೊಡುತ್ತದೆ. ಅದರ ಮೇಲಿನ ಬುಟ್ಟಾ ಅಚ್ಚು ಒತ್ತಿದ್ದಲ್ಲ, ಕಸೂತಿಯೂ ಅಲ್ಲ. ಹಾಸಿನಲ್ಲೇ ಹೆಚ್ಚುವರಿ ಎಳೆಗಳನ್ನು ಸೇರಿಸಿ, ಬೇಕಾದ ಕಡೆ ಮೇಲಕ್ಕೆತ್ತಿ ನೇಯ್ದದ್ದು. ಖಣವನ್ನು ಮಗುಚಿದರೆ ಆ ಎಳೆಗಳು ಒಂದು ಬುಟ್ಟಾದಿಂದ ಇನ್ನೊಂದಕ್ಕೆ ಉದ್ದುದ್ದ ಹಾದುಹೋಗಿರುವುದು ಕಾಣುತ್ತದೆ. ಆನೆಹೆಜ್ಜೆ, ತೇರು, ಸೂರ್ಯನಾರಾಯಣ, ತುಳಸಿಪಾನ ಎಂದೆಲ್ಲ ಬುಟ್ಟಾಗಳಿಗೆ ಹೆಸರಿದೆ. ಎರಡು ಬದಿಗೂ ಅಂಚು ಇರುತ್ತದೆ. ಬಲ್ಲ ದರ್ಜಿ ಅದನ್ನು ಕತ್ತರಿಸಿ ಎಸೆಯದೆ ತೋಳಿನ ತುದಿಗೆ ತರುತ್ತಾನೆ. ಬೇರೆ ಲೇಸಿನ ಖರ್ಚು ಉಳಿಯಿತು.

ಉಡುಪಿಗೆ ಹೊಸತನ ತರುವ ಅಗ್ಗದ ದಾರಿಗಳಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಕೈಮಗ್ಗದ ಒಂದು ಒಳ್ಳೆಯ ಇಳಕಲ್ ಸೀರೆಗೆ ಸಾವಿರಗಟ್ಟಲೆ ಕೊಡಲಾಗದವರೂ ಕೈಮಗ್ಗದ ಒಂದು ಖಣಕ್ಕೆ ಕೊಡಬಲ್ಲರು. ಬೀರುವಿನಲ್ಲಿರುವ ಬಣ್ಣ ಮಾಸದ ಸಾದಾ ಹತ್ತಿ ಸೀರೆಗೆ ಕಡುಗೆಂಪು ಅಥವಾ ಪಚ್ಚೆಹಸಿರಿನ ಖಣದ ಕುಪ್ಪಸ ತೊಟ್ಟರೆ ಸೀರೆಯೇ ಬೇರೆಯಾಗಿ ಕಾಣುತ್ತದೆ. ಒಂದೇ ಕುಪ್ಪಸ ನಾಲ್ಕು ಸೀರೆಗೆ ಒದಗುತ್ತದೆ. ಸೀರೆ ಉಡದ ಹುಡುಗಿಯರು ಖಣವನ್ನೇ ಸಾದಾ ಕುರ್ತಿಗೆ ಎದೆಪಟ್ಟಿಯಾಗಿ, ಜೀನ್ಸಿನ ಮೇಲೆ ತೋಳಿಲ್ಲದ ಕೋಟಾಗಿ ಹೊಲಿಸಿಕೊಂಡದ್ದು ಚೆನ್ನಾಗಿಯೇ ಇದೆ.

ದೋಷಗಳೂ ಇವೆ. ಪನ್ನ ಕಡಿಮೆ. ಉದ್ದ ತೋಳು ಬೇಕೆನ್ನುವವರಿಗೆ, ದಪ್ಪ ಮೈಕಟ್ಟಿನವರಿಗೆ ಒಂದು ಖಣ ಸಾಲದು. ಬಟ್ಟೆ ಹಿಗ್ಗುವುದಿಲ್ಲ, ಕಂಕುಳಲ್ಲಿ ಬಿಗಿಯಾದರೆ ಹೊಲಿಗೆಯ ಪಕ್ಕದಲ್ಲೇ ಪಿಸಿಯುತ್ತದೆ. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು, ಮೆತ್ತನೆಯ ಅಸ್ತರು ಕೊಟ್ಟು ಹೊಲಿಸಬೇಕು. ಗಾಢ ಬಣ್ಣದವು ಮೊದಲ ಒಂದೆರಡು ಒಗೆತದಲ್ಲಿ ಬಣ್ಣ ಬಿಡುತ್ತವೆ, ಬೇರೆ ಬಟ್ಟೆಯ ಜೊತೆ ನೆನೆಹಾಕಬಾರದು. ಮಷಿನ್ನಿಗೆ ಹಾಕಿದರೆ ಹಿಂಬದಿಯ ಉದ್ದ ಎಳೆಗಳು ಸಿಕ್ಕಿಕೊಂಡು ಕಿತ್ತುಬರುತ್ತವೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ನಕಲು. ಪವರ್‌ಲೂಮಿನಲ್ಲಿ ಕೃತಕ ನೂಲಿನಿಂದ ನೇಯ್ದದ್ದೂ ಖಣ ಎಂದೇ ಮಾರಾಟವಾಗುತ್ತದೆ, ಪಾಲಿಯೆಸ್ಟರಿನ ಮೇಲೆ ಬರೀ ಬುಟ್ಟಾದ ಅಚ್ಚು ಒತ್ತಿದ್ದೂ ಆಗುತ್ತದೆ. ಪವರ್‌ಲೂಮಿನದನ್ನು ಕೊಳ್ಳಲೇಬಾರದು ಎನ್ನುವ ಪೈಕಿ ನಾನಲ್ಲ. ದಿನಬಳಕೆಗೆ ಅದು ಒದಗುತ್ತದೆ, ಅದನ್ನು ನೇಯುವವರಿಗೂ ಹೊಟ್ಟೆಯಿದೆ. ಆದರೆ ಅದಕ್ಕೆ ಕೈಮಗ್ಗದ ಬೆಲೆ ಕೊಟ್ಟು ಬರಬೇಡಿ. ಅಂಚಿನಲ್ಲಿ ಸೂಜಿಯಿಂದ ಚುಚ್ಚಿದಂಥ ಸಣ್ಣ ತೂತುಗಳಿವೆಯೇ ನೋಡಿ. ಕೈಮಗ್ಗದಲ್ಲಿ ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿಯುವ ಕಡ್ಡಿಯ ಗುರುತು ಅದು. ಕೈಮಗ್ಗದ ಗುರುತಿನ ಚೀಟಿ ಇದ್ದರೆ ಇನ್ನೂ ಒಳ್ಳೆಯದು, ಕೇಂದ್ರ ಸರ್ಕಾರ 2006ರಲ್ಲಿ ಅದನ್ನು ಜಾರಿಗೆ ತಂದಿತು. ಅಂಗಡಿಯವರು ಒಪ್ಪಿದರೆ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರು ಕರಗಿ ಗಟ್ಟಿ ಗುಂಡಾಗುತ್ತದೆ.

ಇನ್ನೊಂದು ಮಾತು ನಮ್ಮ ಹೆಂಗಸರಿಗೇ ಹೇಳಬೇಕಾದದ್ದು. ಉತ್ತರ ಕರ್ನಾಟಕದಲ್ಲಿ ಉಡಿ ತುಂಬುವಾಗ, ಹಳೇ ಮೈಸೂರಿನ ಕಡೆ ಬಾಗಿನ ಕೊಡುವಾಗ ಕುಪ್ಪಸದ ಬಟ್ಟೆ ಬೇಕೇ ಬೇಕು. ಮದುವೆ, ಸೀಮಂತ, ಗೃಹಪ್ರವೇಶ ಬಂದರೆ ಡಜನ್‌ಗಟ್ಟಲೆ ತರುತ್ತೇವೆ, ತರುವಾಗ ಆದಷ್ಟು ಅಗ್ಗದ್ದನ್ನೇ ನೋಡುತ್ತೇವೆ. ತೆಗೆದುಕೊಂಡವರಿಗೂ ಗೊತ್ತು, ಅದು ಹೊಲಿಸುವ ಬಟ್ಟೆಯಲ್ಲ. ಬೀರುವಿನ ಒಂದು ಮೂಲೆಯಲ್ಲಿದ್ದು, ಮುಂದಿನ ಗೌರಿ ಹಬ್ಬಕ್ಕೆ ಇನ್ನೊಬ್ಬರ ಮಡಿಲಿಗೆ ಹೋಗುತ್ತದೆ. ಯಾರ ಮೈಗೂ ಏರದೆ ಮನೆಯಿಂದ ಮನೆಗೆ ತಿರುಗುವ ಈ ಬಟ್ಟೆಗೆ ವರ್ಷಕ್ಕೆ ನಾವು ಸುರಿಯುವ ದುಡ್ಡು ಸಣ್ಣದಲ್ಲ, ಆ ಬೇಡಿಕೆಯೇ ಕಳಪೆ ಮಾಲನ್ನು ಸಾಕುತ್ತಿದೆ. ಮನೆಯವರಿಗೆ, ಹತ್ತಿರದವರಿಗೆ ಮಾತ್ರ ಹೊಲಿಸಿ ತೊಡುವಂಥ ಖಣ ಕೊಟ್ಟು, ಉಳಿದವರಿಗೆ ಎಲೆ ಅಡಿಕೆ, ತೆಂಗಿನಕಾಯಿಯಲ್ಲಿ ಮುಗಿಸಿದರೆ ಶಾಸ್ತ್ರಕ್ಕೆ ಕುಂದಿಲ್ಲ. ನೇಕಾರರಿಗೆ ಒಳ್ಳೆಯ ಗಿರಾಕಿ ಸಿಗುತ್ತಾರೆ.

ಮನೆಯ ವಿಷಯಕ್ಕೆ ಬಂದರೆ, ಅತ್ಯಂತ ಕಡಿಮೆ ಖರ್ಚಿನ ಬದಲಾವಣೆ ಬಲ್ಬು. ನಮ್ಮ ಮಧ್ಯಮವರ್ಗದ ಹಾಲುಗಳಲ್ಲೆಲ್ಲ ಈಗ ಆಸ್ಪತ್ರೆಯ ವಾರ್ಡಿನ ಬೆಳಕು. ಎಲ್‌ಇಡಿ ಬಂದಾಗ ಕೊಟ್ಟದ್ದನ್ನು ತಂದು ಹಾಕಿಕೊಂಡೆವು, ಹೆಚ್ಚಿನವು 6500ಕೆ ಎಂದು ಬರೆದಿರುವ ನೀಲಿ ಬಿಳುಪಿನವು. ಪೆಟ್ಟಿಗೆಯ ಮೇಲೆ 2700ಕೆ ಅಥವಾ 3000ಕೆ ಎಂದಿರುವ ಬಲ್ಬಿಗೂ ಹೆಚ್ಚುಕಡಿಮೆ ಅಷ್ಟೇ ಬೆಲೆ, ವಿದ್ಯುತ್ತೂ ಅಷ್ಟೇ. ಕೂರುವ ಕಡೆ, ಮಲಗುವ ಕೋಣೆಯಲ್ಲಿ ಅದನ್ನು ಹಾಕಿ ನೋಡಿ. ಹಳೆಯ ಮರದ ಕುರ್ಚಿ, ಕಾವಿ ನೆಲ, ಮಾಸಿದ ಗೋಡೆ ಎಲ್ಲಕ್ಕೂ ಅದು ಜೀವ ಕೊಡುತ್ತದೆ. ಮಕ್ಕಳು ಓದುವ ಮೇಜಿಗೆ, ಅಡುಗೆಕಟ್ಟೆಗೆ ಮಾತ್ರ ಬಿಳಿ ಬೆಳಕೇ ಇರಲಿ.

ಕಪಾಟಿನ ಹಿಡಿಗಳನ್ನು ಬದಲಿಸುವುದು ಇನ್ನೊಂದು. ಚನ್ನಪಟ್ಟಣದಲ್ಲಿ ಗೊಂಬೆಯ ಜೊತೆಗೆ ಬಣ್ಣದ ಹಿಡಿಗಳನ್ನೂ ಮಾಡುತ್ತಾರೆ. ಕಡೆಯುವ ಯಂತ್ರದಲ್ಲಿ ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜುವ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು. ಕೋಣೆಗೆ ಚೆನ್ನ. ನೀರು ತಾಗುವ ಬಚ್ಚಲ ಬಾಗಿಲಿಗೆ, ಒಲೆಯ ಪಕ್ಕಕ್ಕೆ ಬೇಡ.

ಕೌದಿಯ ಬಗ್ಗೆ ನನ್ನ ಮೆಚ್ಚುಗೆಗೆ ಒಂದು ಷರತ್ತಿದೆ. ಹಳೆಯ ಸೀರೆ, ಧೋತರ, ಲುಂಗಿಗಳನ್ನು ಪದರಪದರವಾಗಿ ಹರಡಿ, ತುಂಡುಗಳನ್ನು ಕೂಡಿಸಿ, ಕೈಯಿಂದ ಸಾಲುಸಾಲು ಹೊಲಿಗೆ ಹಾಕಿದ ಹೊದಿಕೆ ಅದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯನ್ನು ಹತ್ತಿರದಿಂದ ನೋಡಿ. ಹೊಲಿಗೆ ಒಂದು ಮೂಲೆಯಿಂದ ಶುರುವಾಗಿ ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂವು. ಅದನ್ನು ಸೋಫಾದ ಮೇಲೆ ಹರಡಿದರೂ ಚೆಂದ, ಗೋಡೆಗೆ ತೂಗಿದರೂ ಚೆಂದ. ಆದರೆ ಇದು ಈಗ ನಗರದ ದುಬಾರಿ ಅಂಗಡಿ ಸೇರಿದೆ, ಹೊಸ ಮಿಲ್ಲಿನ ಬಟ್ಟೆಯನ್ನೇ ಬೇಕೆಂದು ತುಂಡರಿಸಿ ಹೊಲಿದ ಕೌದಿಗಳೂ ಬಂದಿವೆ. ಹಾಗೆ ಕೊಂಡರೆ ಅದರಲ್ಲಿ ಮಿತವ್ಯಯವೂ ಇಲ್ಲ, ನಿಮ್ಮ ಮನೆಯ ನೆನಪೂ ಇಲ್ಲ. ಹೊಲಿಯುವವರನ್ನು ಹುಡುಕಿ, ನಿಮ್ಮ ಮನೆಯ ಹಳೆಯ ಬಟ್ಟೆ ಕೊಟ್ಟು, ಕೂಲಿಯಲ್ಲಿ ಚೌಕಾಶಿ ಮಾಡದೆ ಹೊಲಿಸಿಕೊಳ್ಳಿ. ದಿನಗಟ್ಟಲೆ ಬೆನ್ನು ಬಗ್ಗಿಸಿ ಮಾಡುವ ಕೆಲಸ ಅದು, ಅಗ್ಗವಾಗಬೇಕಾದದ್ದು ಬಟ್ಟೆ ಮಾತ್ರ. ಒದ್ದೆಯಾದ ಕೌದಿ ಎತ್ತಲಾಗದಷ್ಟು ಭಾರ, ಮಲೆನಾಡಿನ ಮಳೆಗಾಲದಲ್ಲಿ ಒಣಗುವ ಮಾತೇ ಇಲ್ಲ. ಬಿಸಿಲಿರುವಾಗಲೇ ಒಗೆದಿಡಬೇಕು.

ಇನ್ನು ಮೈ, ಮುಖ, ಕೂದಲು. ಇಲ್ಲಿ ನನ್ನ ಮಾತು ಸ್ವಲ್ಪ ಕಟುವಾಗುತ್ತದೆ, ಏಕೆಂದರೆ ಕುರ್ತಿ ಕೆಟ್ಟರೆ ಒರೆಸುವ ಬಟ್ಟೆಯಾಗುತ್ತದೆ, ಚರ್ಮ ಕೆಟ್ಟರೆ ಬದಲಿ ಇಲ್ಲ.

ಅಗ್ಗದ ಮತ್ತು ಅಸಲಿನ ಉದಾಹರಣೆಗೆ ಮೈಸೂರು ಸ್ಯಾಂಡಲ್ ಸೋಪಿಗಿಂತ ದೂರ ಹೋಗಬೇಕಿಲ್ಲ. ಮೊದಲ ಮಹಾಯುದ್ಧದಿಂದ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಇಲ್ಲೇ ಶುರುವಾಯಿತು. 1918ರಲ್ಲಿ ಬೆಂಗಳೂರಿನಲ್ಲಿ ಸೋಪು ತಯಾರಾಯಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಎಸ್.ಜಿ. ಶಾಸ್ತ್ರಿ ಅದರ ಹಿಂದಿದ್ದ ರಸಾಯನಶಾಸ್ತ್ರಜ್ಞ. ಪುರಾಣದ ಪ್ರಾಣಿ ಶರಭದ ಗುರುತು, ಮೊಟ್ಟೆಯಾಕಾರದ ಬಿಲ್ಲೆ, ನಿಜವಾದ ಗಂಧದೆಣ್ಣೆ. ಇದರ ಚಿಕ್ಕ ಬಿಲ್ಲೆ ಇಂದಿಗೂ ದರ್ಶಿನಿಯ ಮಸಾಲೆ ದೋಸೆಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ತಲೆಗೆಣ್ಣೆಗಳ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ, ಅದೂ ಒಂದು ಅನುಕೂಲ.

ಹೊದಿಕೆಯ ಮೇಲೆ ಟಿಎಫ್‌ಎಂ ಎಂಬ ಅಂಕಿಯನ್ನು ಓದುವ ರೂಢಿ ಎಲ್ಲರಿಗೂ ಬರಬೇಕು. ಸೋಪಿನಲ್ಲಿರುವ ಕೊಬ್ಬಿನಾಮ್ಲದ ಪ್ರಮಾಣ ಅದು. ಭಾರತೀಯ ಮಾನಕದ ಪ್ರಕಾರ ಶೇ. 76 ಅಥವಾ ಹೆಚ್ಚಿದ್ದರೆ ಅದು ಒಂದನೇ ದರ್ಜೆಯ ಟಾಯ್ಲೆಟ್ ಸೋಪು. ಮೈಸೂರು ಸ್ಯಾಂಡಲ್ ಆ ದರ್ಜೆಯದು. ಬೇದಿಂಗ್ ಬಾರ್ ಎಂದು ಬರೆದುಕೊಂಡಿರುವ ಬಿಲ್ಲೆಗಳಿಗೆ ಶೇ. 40 ಇದ್ದರೂ ನಡೆಯುತ್ತದೆ. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕದಲ್ಲೇ ಕೂತಿರುತ್ತವೆ, ಎಷ್ಟೋ ಸಲ ಎರಡನೆಯದರ ಹೊದಿಕೆಯೇ ಹೆಚ್ಚು ಮಿನುಗುತ್ತದೆ.

ಹಾಗೆಂದು ಮೈಸೂರು ಸ್ಯಾಂಡಲನ್ನೂ ತಲೆಮೇಲೆ ಹೊರಬೇಕಿಲ್ಲ. ಸೋಪು ಎಂದರೆ ಕ್ಷಾರವೇ. ಒಣ ಚರ್ಮದವರಿಗೆ, ಬಯಲುಸೀಮೆಯ ಚಳಿಗಾಲದಲ್ಲಿ ಅದು ಮೈ ಬಿರಿಸುತ್ತದೆ. ಸ್ನಾನವಾದ ಕೂಡಲೇ ತೇವ ಇರುವಾಗಲೇ ಮೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು. ಯಾವ ಸೋಪೂ ಮೈಬಣ್ಣ ಬದಲಿಸುವುದಿಲ್ಲ, ಗಂಧದ ಸೋಪೂ ಸಹ. ಅದರಿಂದ ಸಿಗುವುದು ಶುಚಿ ಮತ್ತು ಪರಿಮಳ. ಅಷ್ಟು ದುಡ್ಡಿಗೆ ಅಷ್ಟು ಸಾಕು.

ಚಿಕ್ಕದನ್ನು ಕೊಳ್ಳಿ ಎಂದಾಗ ಸ್ಯಾಶೆಯ ಮಾತು ಬಂದೇ ಬರುತ್ತದೆ. ತಮಿಳುನಾಡಿನ ಚಿನ್ನಿ ಕೃಷ್ಣನ್ ಶಾಂಪೂವನ್ನು ಸಣ್ಣ ಪೊಟ್ಟಣಕ್ಕೆ ಇಳಿಸಿದರು, ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂವಿನೊಂದಿಗೆ ಅದನ್ನು ಹಳ್ಳಿಹಳ್ಳಿಗೆ ಒಯ್ದರು. ಕೂಲಿ ಮಾಡುವ ಹೆಂಗಸಿಗೂ ಬಾಟಲಿಯೊಳಗಿನ ಶಾಂಪೂವೇ ಒಂದೆರಡು ರೂಪಾಯಿಗೆ ಸಿಕ್ಕಿತು ಎನ್ನುವುದು ಸಣ್ಣ ಸಾಧನೆಯಲ್ಲ. ಆದರೆ ಹಲವು ಪದರದ ಆ ಪ್ಲಾಸ್ಟಿಕ್ ಮರುಬಳಕೆಗೆ ಬಾರದು, ಹಳ್ಳಿಯ ಕೆರೆಕಟ್ಟೆಗಳ ಸುತ್ತ ಅದೇ ಬಿದ್ದಿದೆ. ಪ್ರವಾಸಕ್ಕೆ ಸರಿ, ಮನೆಯಲ್ಲಿ ಬೇಡ ಎನ್ನುವುದು ನನ್ನ ತೀರ್ಪು. ಸೀಗೆಪುಡಿ, ದಾಸವಾಳದ ಸೊಪ್ಪು ಕಿವುಚಿದ ಲೋಳೆ ಸಿಗುವ ಮನೆಯಲ್ಲಿ ವಾರಕ್ಕೊಮ್ಮೆ ಅದೇ ಸಾಕು. ಕಣ್ಣಿಗೆ ಬಿದ್ದರೆ ಸೀಗೆ ಉರಿಯುತ್ತದೆ, ಮಕ್ಕಳ ತಲೆಗೆ ಹಚ್ಚುವಾಗ ಜೋಪಾನ. ಕಪ್ಪು ಮೆಹಂದಿ ಎಂದು ಮಾರುವುದನ್ನು ಮಾತ್ರ ಕೈಗೆ ಹಾಕಿಸಿಕೊಳ್ಳಬೇಡಿ. ಅದರಲ್ಲಿ ಕೂದಲಿಗೆ ಬಳಸುವ ರಾಸಾಯನಿಕ ಬಣ್ಣ ಬೆರೆತಿರುತ್ತದೆ, ಚರ್ಮ ಬೊಬ್ಬೆ ಏಳುತ್ತದೆ. ಮನೆಮದ್ದಿನ ಹೆಸರಲ್ಲಿ ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದೂ ಸುಟ್ಟ ಕಲೆಗೆ ದಾರಿ.

ಕೊನೆಗೆ ಬೆಳ್ಳಗಾಗಿಸುವ ಕ್ರೀಮು. ಈ ಸಾಲಿನಲ್ಲಿ ನಾನು ಎಲ್ಲಕ್ಕಿಂತ ಕಟುವಾಗಿ ತಿರಸ್ಕರಿಸುವ ವಸ್ತು ಇದು. ಎಲ್ಲ ಕಂಪನಿಯದೂ ವಿಷ ಎಂದು ನಾನು ಹೇಳುತ್ತಿಲ್ಲ. ಬ್ಯೂಟಿ ಪಾರ್ಲರಿನಲ್ಲಿ, ಸಂತೆಯಲ್ಲಿ, ಆನ್‌ಲೈನಿನಲ್ಲಿ ತಯಾರಕರ ವಿವರವಿಲ್ಲದೆ ಸಿಗುವ, ವಾರದೊಳಗೆ ಬಣ್ಣ ತಿಳಿಯಾಗಿಸುವ ಡಬ್ಬಿಗಳನ್ನು ಕುರಿತು ಹೇಳುತ್ತಿದ್ದೇನೆ. ಆ ವೇಗದ ಹಿಂದೆ ಬಹಳ ಸಲ ಇರುವುದು ಪಾದರಸ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಒಂದೇ ಬಗೆಯ ಮೂತ್ರಪಿಂಡದ ಕಾಯಿಲೆ ಹೊತ್ತ 22 ಮಂದಿ ಆಸ್ಪತ್ರೆಗೆ ಬಂದರು. ಅವರಲ್ಲಿ 15 ಮಂದಿಯ ಪರೀಕ್ಷೆಯಲ್ಲಿ ಅಪರೂಪದ ಒಂದು ಲಕ್ಷಣ ಕಂಡಿತು, ಆ 15ರಲ್ಲಿ 13 ಮಂದಿ ಇಂಥ ಕ್ರೀಮು ಹಚ್ಚುತ್ತಿದ್ದವರು. ನಮ್ಮ ಕಾನೂನಿನಲ್ಲಿ ಇಂಥ ಪ್ರಸಾಧನಗಳಿಗೆ ಪಾದರಸವನ್ನು ಬೇಕೆಂದು ಬೆರೆಸುವಂತೆಯೇ ಇಲ್ಲ. ಕಾನೂನಿನ ಕಣ್ಣಿಗೆ ಬೀಳದೆ ಬರುವ ಡಬ್ಬಿಗೆ ಆ ಹಂಗಿಲ್ಲ.

ಆದ್ದರಿಂದ ಒಂದು ಕೇಳಿಕೆ. ಈಗಲೇ ಎದ್ದು ನಿಮ್ಮ ಕನ್ನಡಿಯ ಮುಂದಿರುವ ಡಬ್ಬಿಗಳನ್ನು ತಿರುಗಿಸಿ ನೋಡಿ. ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಬಳಸಿದ ಪದಾರ್ಥಗಳ ಪಟ್ಟಿ ಇಲ್ಲದ ಕ್ರೀಮನ್ನು ಇವತ್ತೇ ನಿಲ್ಲಿಸಿ, ಮಗಳು ಹಚ್ಚುತ್ತಿದ್ದರೆ ಅವಳಿಗೂ ಹೇಳಿ. ಅಂಥದ್ದನ್ನು ಹಚ್ಚುತ್ತಿರುವವರಿಗೆ ಕಾಲು ಬಾತರೆ, ಮೂತ್ರದಲ್ಲಿ ನೊರೆ ಕಂಡರೆ ಡಾಕ್ಟರ ಹತ್ತಿರ ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.