ತಪ್ಪಿಲ್ಲದ ತಂದೆಯ ಕಣ್ಣೀರು: ‘ಉತ್ತರ ರಾಮಾಯಣ’ದ ಪಿತೃ-ಪುತ್ರ ಸಮಾಗಮ

ಅಗಲಿದ ತಂದೆ-ಮಕ್ಕಳು ಮತ್ತೆ ಕೂಡುವ ಪ್ರಸಂಗವು ನಮ್ಮ ಪುರಾಣಕಾರರಿಗೆ ಅತ್ಯಂತ ಪ್ರಿಯವಾದುದು. ಹುಟ್ಟಿದೊಡನೆಯೇ ಧೂಮಕೇತುವಿನಿಂದ ಅಪಹೃತನಾದ ಪ್ರದ್ಯುಮ್ನನು ವಿದ್ಯಾಧರ ಕಾಲಸಂವರನ ಮನೆಯಲ್ಲಿ ಬೆಳೆದು, ಹದಿನಾರು ವರ್ಷಗಳ ತರುವಾಯ ದ್ವಾರಾವತಿಗೆ ಬಂದು ತಂದೆಯಾದ ಕೃಷ್ಣನೊಡನೆಯೇ ಯುದ್ಧಕ್ಕೆ ನಿಲ್ಲುತ್ತಾನೆ; ನಾರದನು ಗುಟ್ಟು ಹೇಳಿದ ಮೇಲೆಯೇ ಆಲಿಂಗನ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅರ್ಜುನನು ಶರಣಾಗಿ ಬಂದ ಬಭ್ರುವಾಹನನನ್ನು ಅವಮಾನಿಸಿ ಕಳುಹಿಸುತ್ತಾನೆ. ಆ ಕಥೆಯ ಒಡಲಲ್ಲಿಯೇ ಕುಶ-ಲವರ ಕಾಳಗವನ್ನೂ ಕವಿ ಇರಿಸಿದ್ದಾನೆ. ಮೊದಲು ಬಾಣ, ಆಮೇಲೆ ಬಾಷ್ಪ ಎಂಬ ಈ ಕ್ರಮವು ಆಕಸ್ಮಿಕವಲ್ಲ. ತಂದೆಗೂ ಮಗನಿಗೂ ನಡುವೆ ತೀರಬೇಕಾದ ಒಂದು ಲೆಕ್ಕವಿದೆ ಎಂಬುದನ್ನು ಪುರಾಣಗಳು ಮಾತಿನಲ್ಲಿ ಹೇಳದೆ ಯುದ್ಧದ ಮೂಲಕ ಹೇಳುತ್ತವೆ.

ರಮಾನಂದ ಸಾಗರರ ‘ರಾಮಾಯಣ’ವು 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ದೂರದರ್ಶನದಲ್ಲಿ ಪ್ರಸಾರವಾಯಿತು. ಲವ-ಕುಶರ ಕಥೆಯೂ ಬೇಕೆಂದು ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಉತ್ತರ ಭಾರತದ ನಗರಗಳಲ್ಲಿ ಮುಷ್ಕರ ಹೂಡಿದ್ದು ಆ ವರ್ಷದ ಸ್ಮರಣೀಯ ಸಂಗತಿ. ಅದರ ಫಲವಾಗಿ ಬಂದ ‘ಉತ್ತರ ರಾಮಾಯಣ’ವು 1988-89ರಲ್ಲಿ ಪ್ರಸಾರಗೊಂಡಿತು. 2020ರ ಲಾಕ್‌ಡೌನ್ ದಿನಗಳಲ್ಲಿ ಅದು ಮರುಪ್ರಸಾರವಾದಾಗ, ಮೊದಲ ಸಲ ನೋಡಿದ್ದವರು ತಮ್ಮ ಮೊಮ್ಮಕ್ಕಳೊಡನೆ ಕುಳಿತು ಮತ್ತೆ ಕಣ್ಣೊರೆಸಿಕೊಂಡರು. ಮೂರು ದಶಕಗಳ ಬಳಿಕವೂ ಅಳಿಸಬಲ್ಲ ದೃಶ್ಯವನ್ನು ಅಗ್ಗದ ಭಾವುಕತೆಯೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಆ ಕಣ್ಣೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ.

ನಟನೆಯ ವಿಷಯದಲ್ಲಿ ಹೊಗಳುವುದಕ್ಕೆ ಬಹಳವಿದೆ. ರಾಮನ ಪಾತ್ರದ ಅರುಣ್ ಗೋವಿಲ್ ಇಡೀ ಧಾರಾವಾಹಿಯುದ್ದಕ್ಕೂ ಮಿತವಾದ ಅಂಗಚಲನೆ, ತುಟಿಯಂಚಿನ ಕಿರುನಗೆ, ಏರದ ಧ್ವನಿ ಇಷ್ಟರಲ್ಲಿಯೇ ಪಾತ್ರವನ್ನು ಕಟ್ಟಿಕೊಂಡವರು. ಕಂಪನಿ ನಾಟಕದ ಅಬ್ಬರಕ್ಕೆ ಒಗ್ಗಿದ ಕಣ್ಣಿಗೆ ಇದು ಜಡವೆಂದು ತೋರಬಹುದು. ಆದರೆ ಯಜ್ಞಾಶ್ವವನ್ನು ಕಟ್ಟಿದ ಬಾಲಕರೆದುರು ಅವರು ನಿಲ್ಲುವಾಗ ಆ ಸಂಯಮದ ಬೆಲೆ ತಿಳಿಯುತ್ತದೆ. ಇವರು ಯಾರೆಂದು ತಂದೆಗೆ ತಿಳಿದಿಲ್ಲ, ಅವನು ಯಾರೆಂದು ಮಕ್ಕಳಿಗೆ ತಿಳಿದಿಲ್ಲ, ನೋಡುಗರಿಗೆ ಮಾತ್ರ ಎಲ್ಲವೂ ತಿಳಿದಿದೆ. ಇಂತಹ ಸಂದರ್ಭದಲ್ಲಿ ನಟನು ತಾನೂ ಎಲ್ಲವನ್ನೂ ಬಲ್ಲವನಂತೆ ಕಣ್ಣು ತುಂಬಿಕೊಂಡರೆ ದೃಶ್ಯ ಸತ್ತುಹೋಗುತ್ತದೆ. ಗೋವಿಲ್ ಆ ಬಲೆಗೆ ಬೀಳದೆ, ಕಾರಣ ತಿಳಿಯದ ವಾತ್ಸಲ್ಯವೊಂದನ್ನು ಮುಖದ ಮೇಲೆ ಸುಳಿಯಗೊಟ್ಟು, ರಾಜನ ಮಾತನ್ನಷ್ಟೇ ಆಡುತ್ತಾರೆ. ಕುಶನಾಗಿ ಸ್ವಪ್ನಿಲ್ ಜೋಶಿ, ಲವನಾಗಿ ಮಯೂರೇಶ್ ಕ್ಷೇತ್ರಮಾಡೆ ಇಬ್ಬರೂ ಬಾಲನಟರ ಸಹಜವಾದ ನೇರ ನೋಟದಿಂದ ಗೆಲ್ಲುತ್ತಾರೆ. ಅತಿಯಾಗಿ ತಿದ್ದಿದ ಮಕ್ಕಳ ಗಿಣಿಪಾಠ ಅಲ್ಲಿಲ್ಲ.

ಅನಂತರ ಅಯೋಧ್ಯೆಯ ಸಭೆಯಲ್ಲಿ ಆ ಮಕ್ಕಳು ರಾಮಕಥೆಯನ್ನು ಹಾಡುತ್ತಾರೆ. ಸಂಗೀತ ರವೀಂದ್ರ ಜೈನ್ ಅವರದು. 1944ರಲ್ಲಿ ಅಲಿಗಢದ ಜೈನ ಕುಟುಂಬದಲ್ಲಿ ಹುಟ್ಟಿ, ಜನ್ಮತಃ ದೃಷ್ಟಿಯಿಲ್ಲದಿದ್ದರೂ ಹಿಂದಿ ಚಿತ್ರಸಂಗೀತದಲ್ಲಿ ಎತ್ತರದ ಸ್ಥಾನ ಗಳಿಸಿ 2015ರಲ್ಲಿ ನಿಧನರಾದ ಈ ಕಲಾವಿದರು ಆ ಪ್ರಸಂಗಕ್ಕೆ ಆಡಂಬರವಿಲ್ಲದ ಧಾಟಿಯನ್ನು ಆರಿಸಿಕೊಂಡರು. ಕಥೆ ಮುಂದುವರಿಯುತ್ತದೆ, ರಾಗ ಹೆಚ್ಚು ಬದಲಾಗುವುದಿಲ್ಲ. ಆ ಏಕತಾನತೆಯಲ್ಲಿಯೇ ದೃಶ್ಯದ ಶಕ್ತಿಯಿದೆ. ಸಭಾಸದರಿಗೆ ಹೇಳುತ್ತಿದ್ದ ಕಥೆಯು ಕೊನೆಗೆ ಹೇಳುವವರ ಕಥೆಯೇ ಆಗಿ, ತಾವು ಯಾರ ಮಕ್ಕಳೆಂಬುದನ್ನು ಬಾಲಕರು ಹಾಡಿನಲ್ಲಿಯೇ ತಿಳಿಸುತ್ತಾರೆ. ಸಂಭಾಷಣೆಯಿಂದ ಸಾಧ್ಯವಾಗದ್ದನ್ನು ಗಾಯನಕ್ಕೆ ಒಪ್ಪಿಸಿದ ಈ ಯೋಜನೆ ಮೆಚ್ಚತಕ್ಕದ್ದು. ಬೀಜವು ವಾಲ್ಮೀಕಿಯಲ್ಲಿಯೇ ಇದೆಯಾದರೂ ಕಿರುತೆರೆಗೆ ಅದನ್ನು ಹೊಂದಿಸಿದ ಜಾಣ್ಮೆ ಸಾಗರರದು.

ಇಷ್ಟು ಒಪ್ಪಿಕೊಂಡ ಮೇಲೆ ಬರವಣಿಗೆಯ ಮುಖ್ಯ ದೋಷವನ್ನು ಹೇಳಲೇಬೇಕು. ಅದು ಈ ದೃಶ್ಯದಲ್ಲಿಲ್ಲ. ಬಹಳ ಹಿಂದೆ, ಪರಿತ್ಯಾಗದ ಕಂತುಗಳಲ್ಲಿದೆ. ಲೋಕಾಪವಾದಕ್ಕೆ ಅಂಜಿ ಗರ್ಭಿಣಿಯಾದ ಪತ್ನಿಯನ್ನು ಕಾಡಿಗೆ ಅಟ್ಟಿದ ರಾಮನನ್ನು ತೋರಿಸಲು ಸಾಗರರಿಗೆ ಮನಸ್ಸಾಗಲಿಲ್ಲ. ಆದುದರಿಂದ ಅವರ ಸೀತೆ ರಾಜಧರ್ಮದ ರಕ್ಷಣೆಗಾಗಿ ತಾನಾಗಿಯೇ ಹೊರಡುವುದಾಗಿ ಹಠ ಹಿಡಿಯುತ್ತಾಳೆ. ರಾಮನು ಎದೆಯೊಡೆದು ಸಮ್ಮತಿಸುತ್ತಾನೆ. ಭಕ್ತರ ಮನಸ್ಸಿಗೆ ನೋವಾಗಬಾರದೆಂಬ ಸದುದ್ದೇಶ ಇದ್ದೀತು. ಆದರೆ ಪರಿಣಾಮವೇನು? ತಂದೆಯು ತಪ್ಪನ್ನೇ ಮಾಡಿಲ್ಲದಿದ್ದರೆ ಮಕ್ಕಳೆದುರು ಅವನು ತಲೆತಗ್ಗಿಸುವುದು ಯಾತಕ್ಕೆ? ಅವನ ಕಣ್ಣೀರು ವಿರಹದ್ದಾಗುತ್ತದೆಯೇ ಹೊರತು ಪಶ್ಚಾತ್ತಾಪದ್ದಾಗುವುದಿಲ್ಲ. ಮಕ್ಕಳ ಹಾಡಿನಲ್ಲಿರುವ ಆರೋಪವು ಅಯೋಧ್ಯೆಯ ಪ್ರಜೆಗಳ ಮೇಲೆ ಹೊರಳಿ, ಸಿಂಹಾಸನದ ಪಕ್ಕದಿಂದ ಹಾದುಹೋಗುತ್ತದೆ. ಗೋವಿಲ್ ಅವರ ತುಂಬಿದ ಕಣ್ಣುಗಳಿಗೆ ಲೇಖಕರು ಅರ್ಧ ಕಾರಣವನ್ನಷ್ಟೇ ಕೊಟ್ಟರು.

ಇಲ್ಲಿ ವಿಮಲಸೂರಿಯ ‘ಪಉಮಚರಿಯ’ವನ್ನೂ ರವಿಷೇಣಾಚಾರ್ಯರ ‘ಪದ್ಮಪುರಾಣ’ವನ್ನೂ ನೆನೆಯುವುದು ಮತಾಭಿಮಾನದಿಂದಲ್ಲ. ಬಲಭದ್ರನಾದ ರಾಮನನ್ನು ಶಲಾಕಾಪುರುಷನೆಂದು ಗೌರವಿಸುವ ಈ ಗ್ರಂಥಗಳು ಅವನ ತಪ್ಪನ್ನು ಮುಚ್ಚಿಡುವುದಿಲ್ಲ ಎಂಬುದೇ ವಿಶೇಷ. ಲಕ್ಷ್ಮಣನು ಬೇಡವೆಂದರೂ ಕೇಳದೆ, ಜಿನಾಲಯಗಳ ದರ್ಶನದ ನೆಪ ಒಡ್ಡಿ, ಸೇನಾಪತಿ ಕೃತಾಂತವಕ್ತ್ರನ ರಥದಲ್ಲಿ ಸೀತೆಯನ್ನು ಕಳುಹಿಸಲಾಗುತ್ತದೆ. ತೀರ್ಥವಂದನೆಯ ಬಯಕೆಯನ್ನೇ ವಂಚನೆಗೆ ಬಳಸಿದ್ದು! ಕಾಡಿನಲ್ಲಿ ಆ ಸಾಧ್ವಿಯು ಸೇನಾಪತಿಯೊಡನೆ ಹೇಳಿ ಕಳುಹಿಸುವ ಮಾತಿನ ತಿರುಳು ಪ್ರಸಿದ್ಧ: ಜನರ ಮಾತಿಗೆ ನನ್ನನ್ನು ಬಿಟ್ಟಂತೆ, ಜನರ ಮಾತಿಗೆ ಸಮ್ಯಗ್ದರ್ಶನವನ್ನು ಬಿಡದಿರು. ಅವಳನ್ನು ಸೋದರಿಯೆಂದು ಕರೆದೊಯ್ದು ಪೊರೆದವನು ವಜ್ರಜಂಘ. ಲವಣಾಂಕುಶರು ಬೆಳೆದುದು ಅವನ ಪುಂಡರೀಕಪುರದಲ್ಲಿ. ನಾರದನಿಂದ ಕಥೆ ಕೇಳಿದ ಆ ಕುಮಾರರು ತಂದೆ ಯಾರೆಂದು ತಿಳಿದೇ ಅಯೋಧ್ಯೆಯ ಮೇಲೆ ದಂಡೆತ್ತಿ ಹೋಗುತ್ತಾರೆ. ಧಾರಾವಾಹಿಯ ಅರಿಯದ ಬಾಲಕರಿಗೂ ಇವರಿಗೂ ಇರುವ ಅಂತರ ಇದೇ. ರಾಮನ ಆಯುಧಗಳು ವ್ಯರ್ಥವಾಗುತ್ತವೆ. ಲಕ್ಷ್ಮಣನ ಚಕ್ರರತ್ನವು ಮಕ್ಕಳನ್ನು ಕೊಲ್ಲದೆ ಹಿಂದಿರುಗುತ್ತದೆ. ಸಿದ್ಧಾರ್ಥ ಕ್ಷುಲ್ಲಕನು ನಿಜವನ್ನು ಹೇಳಿದಾಗ ರಾಮನು ಶಸ್ತ್ರವನ್ನು ಬಿಸುಟು ಮಕ್ಕಳನ್ನು ತಬ್ಬಿಕೊಂಡು ಅಳುವ ಅಳುವಿನಲ್ಲಿ ತನ್ನನ್ನು ತಾನೇ ಹಳಿದುಕೊಳ್ಳುವ ಮಾತಿಗೆ ಎಡೆಯಿದೆ. ಆಲೋಚನೆಯಿಲ್ಲದೆ ಕ್ಷಮೆಯಿಲ್ಲ ಎಂಬುದನ್ನು ಪ್ರತಿಕ್ರಮಣದ ಪರಿಚಯವುಳ್ಳ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಸದಿಯ ಪಾಠಶಾಲೆಯ ಮಕ್ಕಳಿಂದ ಪರ್ವದ ದಿನ ಈ ಪ್ರಸಂಗವನ್ನು ಆಡಿಸಬೇಕೆನ್ನುವವರಿಗೆ ಕಿರುತೆರೆಯ ಮಾದರಿಯೇ ಮೊದಲು ನೆನಪಾಗುವುದು ಸಹಜ. ಹಾಡಿನ ಉಪಾಯವನ್ನು ಅಲ್ಲಿಂದ ಧಾರಾಳವಾಗಿ ಪಡೆಯಬಹುದು. ರಾಮನ ಪಾತ್ರಕ್ಕೆ ಮಾತ್ರ ಇನ್ನೊಂದು ಸಾಲು ಹೆಚ್ಚಿಗೆ ಬರೆಯಬೇಕಾದೀತು, ತಾನು ಮಾಡಿದ್ದು ಇದು ಎಂಬ ಸಾಲು. ಆ ಪಾತ್ರಧಾರಿ ಹುಡುಗನಿಗೆ ಅಳುವುದನ್ನು ಕಲಿಸುವ ಶ್ರಮವೂ ಆಗ ತಪ್ಪುತ್ತದೆ.

ಎರಡು ಪರಂಪರೆಗಳೂ ಒಂದು ವಿಷಯದಲ್ಲಿ ಕೂಡುತ್ತವೆ. ಮಕ್ಕಳು ದೊರೆತ ಬಳಿಕ ತಾಯಿ ದೊರೆಯುವುದಿಲ್ಲ. ಧಾರಾವಾಹಿಯ ಸೀತೆ ಭೂಮಿಯೊಳಗೆ ಇಳಿಯುತ್ತಾಳೆ. ಕ್ಯಾಮೆರಾ ತಂತ್ರ, ಮೇಳದ ವಾದ್ಯ, ರಾಮನ ಆಕ್ರೋಶ ಎಲ್ಲವೂ ಅಲ್ಲಿ ಒಟ್ಟಾಗಿ ಬಂದು ಸಂಯಮವನ್ನು ಕೆಡಿಸುತ್ತವೆ. ಪುರಾಣದ ಸೀತೆ ಅಗ್ನಿಕುಂಡವು ನೀರಾದ ಮೇಲೆ, ಕ್ಷಮಿಸೆಂದು ಬೇಡುವ ರಾಮನನ್ನು ದೂಷಿಸದೆ, ತನ್ನ ಕರ್ಮವನ್ನೇ ಕಾರಣವಾಗಿ ಕಂಡು, ಅಲ್ಲಿಯೇ ಕೇಶಲೋಚ ಮಾಡಿಕೊಂಡು ಆರ್ಯಿಕೆಯಾಗಿ ನಡೆದುಬಿಡುತ್ತಾಳೆ. ರಾಮನು ಮೂರ್ಛೆ ಹೋಗುತ್ತಾನೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತಿದ್ದ ಇಬ್ಬರು ಮಕ್ಕಳು ಎಚ್ಚರಗೊಂಡ ತಂದೆಯ ಮುಖವನ್ನು ಹೇಗೆ ನೋಡಿರಬೇಕು ಎಂಬ ದೃಶ್ಯವನ್ನು ಕಿರುತೆರೆಗೆ ಯಾರಾದರೂ ಇನ್ನು ಮುಂದೆ ಬರೆಯಬೇಕಾಗಿದೆ.