ಪೈಲಟಿನ ಸಂಬಳ ಮತ್ತು ಪೈಲಟಿನ ನಿದ್ರೆ

2009ನೆಯ ಇಸವಿಯ ಜನವರಿ 15ರಂದು, ಹಕ್ಕಿಗಳ ಆಘಾತದಿಂದ ಎರಡು ಎಂಜಿನುಗಳೂ ನಿಷ್ಕ್ರಿಯವಾಗಿದ್ದ ವಿಮಾನವನ್ನು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಸಿ, ಅದರಲ್ಲಿದ್ದ 155 ಮಂದಿಯ ಪ್ರಾಣವನ್ನೂ ಉಳಿಸಿದ ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್ ಅವರು, ಆ ಕೀರ್ತಿಯಿನ್ನೂ ಹಸಿಯಾಗಿದ್ದಾಗಲೇ, ಫೆಬ್ರವರಿ 24ರಂದು ಅಮೆರಿಕದ ಪ್ರತಿನಿಧಿಸಭೆಯ ವಿಮಾನಯಾನ ಉಪಸಮಿತಿಯೆದುರು ಸಾಕ್ಷ್ಯ ನುಡಿದರು. ವೀರಗಾಥೆಯನ್ನು ನಿರೀಕ್ಷಿಸಿ ಬಂದವರಿಗೆ ಅಲ್ಲಿ ಕೇಳಿಬಂದದ್ದು ಸಂಬಳದ ಕಥೆ. ತಮ್ಮ ವೇತನದಲ್ಲಿ ಶೇಕಡಾ 40ರಷ್ಟು ಕಡಿತವಾಯಿತೆಂದೂ, ನೆಚ್ಚಿಕೊಂಡಿದ್ದ ಪಿಂಚಣಿ ರದ್ದಾಗಿ ಅದರ ಸ್ಥಾನದಲ್ಲಿ ಸರ್ಕಾರಿ ಖಾತರಿಯ ಅತ್ಯಲ್ಪಾಂಶವೊಂದು ಮಾತ್ರ ಉಳಿದಿದೆಯೆಂದೂ, ತನ್ನ ಮಕ್ಕಳು ಇದೇ ವೃತ್ತಿಗೆ ಬರಲೆಂದು ಹಾರೈಸುವ ಪೈಲಟನೊಬ್ಬನನ್ನೂ ತಾವು ಕಾಣೆವೆಂದೂ ಅವರು ಹೇಳಿದರು.

ಈ ಸಾಕ್ಷ್ಯಕ್ಕೆ ಹನ್ನೆರಡು ದಿನ ಮುಂಚೆ, ಫೆಬ್ರವರಿ 12ರ ರಾತ್ರಿ, ನ್ಯೂವಾರ್ಕಿನಿಂದ ಬಫಲೋ ನಗರಕ್ಕೆ ಹೊರಟಿದ್ದ ವಿಮಾನವೊಂದು ನಿಲ್ದಾಣಕ್ಕಿನ್ನು ಕೆಲವೇ ಮೈಲಿಗಳಿರುವಾಗ ವೇಗಗುಂದಿ, ಕ್ಲಾರೆನ್ಸ್ ಸೆಂಟರ್ ಎಂಬ ಊರಿನ ಮನೆಯೊಂದರ ಮೇಲೆ ಬಿದ್ದು, ಒಳಗಿದ್ದ 49 ಜನರೂ ಆ ಮನೆಯಲ್ಲಿದ್ದ ಒಬ್ಬರೂ ಅಸುನೀಗಿದ್ದರು. ವಿಮಾನದ ಮೈಮೇಲೆ ಬರೆದಿದ್ದುದು ಕಾಂಟಿನೆಂಟಲ್ ಎಂಬ ಪ್ರಖ್ಯಾತ ನಾಮಧೇಯ. ಅದನ್ನು ನಡೆಸುತ್ತಿದ್ದವರು ಕೋಲ್ಗನ್ ಏರ್ ಎಂಬ, ಪ್ರಯಾಣಿಕರಲ್ಲಿ ಹೆಚ್ಚಿನವರು ಹೆಸರನ್ನೇ ಕೇಳಿರಲಾರದ, ಪ್ರಾದೇಶಿಕ ಸಂಸ್ಥೆಯೊಂದರ ನೌಕರರು. ವೇಗ ಅಪಾಯದ ಮಟ್ಟಕ್ಕೆ ಇಳಿದುದನ್ನು ಚಾಲನದಂಡವೇ ಕಂಪಿಸಿ ತಿಳಿಸಿದಾಗ, ಅದನ್ನು ಮುಂದಕ್ಕೆ ತಳ್ಳಬೇಕಾಗಿದ್ದ ಕ್ಯಾಪ್ಟನ್ ಹಿಂದಕ್ಕೆ ಎಳೆದದ್ದೇ ದುರಂತದ ಕಾರಣವೆಂದು ತನಿಖಾ ಮಂಡಳಿ ನಿರ್ಣಯಿಸಿತು. ಆದರೆ ವಿಚಾರಣೆಯಲ್ಲಿ ಹೊರಬಿದ್ದ ಇತರ ಸಂಗತಿಗಳೇ ಜನರ ಮನಸ್ಸಿನಲ್ಲಿ ಹೆಚ್ಚು ಕಾಲ ನಿಂತವು. ಸಹಚಾಲಕಿಯಾಗಿದ್ದ ತರುಣಿ ಸಿಯಾಟಲ್ ಕಡೆಯ ತನ್ನ ಮನೆಯಿಂದ ಹೊರಟು, ಸರಕು ವಿಮಾನಗಳಲ್ಲಿ ಮೆಂಫಿಸ್ ಮಾರ್ಗವಾಗಿ ರಾತ್ರಿಯಿಡೀ ಪ್ರಯಾಣಮಾಡಿ, ಬೆಳಗಿನ ಹೊತ್ತಿಗೆ ನ್ಯೂವಾರ್ಕಿಗೆ ಬಂದಿದ್ದಳು. ಫ್ಲಾರಿಡಾದವರಾದ ಕ್ಯಾಪ್ಟನ್ ಹಿಂದಿನ ರಾತ್ರಿಯನ್ನು, ಮಲಗಕೂಡದೆಂದು ಸಂಸ್ಥೆ ನಿಷೇಧಿಸಿದ್ದ ಸಿಬ್ಬಂದಿ ಕೊಠಡಿಯಲ್ಲಿಯೇ ಕಳೆದಿದ್ದರು. ಸಹಚಾಲಕಿಯ ವಾರ್ಷಿಕ ಆದಾಯ 16 ಸಾವಿರ ಡಾಲರಿನ ಆಸುಪಾಸಿನದೆಂಬ ಮಾತು ವಿಚಾರಣೆಯಲ್ಲಿ ಬಂದಾಗ ಸಂಸ್ಥೆ ಅದನ್ನು ತಿದ್ದಿ, ಅಷ್ಟು ಅನುಭವವುಳ್ಳವರಿಗೆ 23,900 ಡಾಲರಿನಷ್ಟು ದೊರೆಯುವುದೆಂದು ತಿಳಿಸಿತು. ಈ ತಿದ್ದುಪಡಿಯಿಂದ ಯಾರ ಮನಸ್ಸೂ ಸಮಾಧಾನಗೊಂಡಂತೆ ಕಾಣಲಿಲ್ಲ.

ಈ ಎರಡು ಘಟನೆಗಳನ್ನು ಕೌಶಲ ಅಕೌಶಲಗಳ ದೃಷ್ಟಾಂತಗಳನ್ನಾಗಿ ಎದುರುಬದುರಿಟ್ಟು ನೋಡುವುದು ಸುಲಭ. ನನಗಾದರೋ ಅವು ಒಂದೇ ವೇತನಪದ್ಧತಿಯ ಎರಡು ತುದಿಗಳಾಗಿ ಕಾಣುತ್ತವೆ: ಮೇಲಣ ತುದಿಯಲ್ಲಿ ಮೂರು ದಶಕ ದುಡಿದವನ ಪಿಂಚಣಿ ಕರಗಿದೆ, ಕೆಳಗಣ ತುದಿಯಲ್ಲಿ, ತಾನು ದುಡಿಯುವ ಊರಿನಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿಯುವ ಶಕ್ತಿಯೂ ಹೊಸಬನಿಗಿಲ್ಲ. ವೇತನದ ಪ್ರಶ್ನೆಯನ್ನು ನೌಕರ ಮಾಲೀಕರ ನಡುವಣ ವ್ಯಾಜ್ಯವೆಂದೂ, ನಿದ್ರೆಯ ಪ್ರಶ್ನೆಯನ್ನು ಸುರಕ್ಷತೆಯ ಶಾಸ್ತ್ರವೆಂದೂ ಬೇರ್ಪಡಿಸಿ, ಮೊದಲನೆಯದನ್ನು ಮಾರುಕಟ್ಟೆಗೂ ಎರಡನೆಯದನ್ನು ಸರ್ಕಾರಕ್ಕೂ ಒಪ್ಪಿಸಿಬಿಟ್ಟದ್ದು ಅಮೆರಿಕದ ವಿಮಾನಯಾನದ ಮೂಲದೋಷವೆಂದು ನನ್ನ ಎಣಿಕೆ. ನಿಲ್ದಾಣದ ಸಮೀಪದಲ್ಲೊಂದು ಮನೆ, ಅದಿಲ್ಲದಿದ್ದರೆ ಹೋಟೆಲಿನಲ್ಲೊಂದು ಹಾಸಿಗೆ, ಇವು ಹಣದಿಂದ ಬರತಕ್ಕವು. ಆ ಹಣ ಸಂಬಳದಿಂದ ಬರತಕ್ಕದ್ದು.

ಈ ಪದ್ಧತಿ ಹುಟ್ಟಿದುದು ಹೇಗೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. 1978ರವರೆಗೆ ಅಲ್ಲಿ ಮಾರ್ಗಗಳನ್ನೂ ಪ್ರಯಾಣದರಗಳನ್ನೂ ನಿಗದಿಮಾಡುತ್ತಿದ್ದುದು ಒಂದು ಸರ್ಕಾರಿ ಮಂಡಳಿ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಆ ವರ್ಷದ ಅಕ್ಟೋಬರಿನಲ್ಲಿ ಅಂಕಿತವಿತ್ತ ಕಾನೂನು ಈ ನಿಯಂತ್ರಣವನ್ನು ತೊಡೆದುಹಾಕಿದ ಮೇಲೆ, ಪೈಪೋಟಿ ಬೆಳೆದು ಟಿಕೆಟ್ಟಿನ ಬೆಲೆ ಇಳಿಯಿತು. ಹಿಂದೆ ಬಸ್ಸನ್ನೇ ನೆಚ್ಚಿದ್ದ ಕುಟುಂಬಗಳೂ ವಿಮಾನವೇರಿದವು. ಈ ಲಾಭ ನಿಜವಾದದ್ದು, ಅದನ್ನು ಅಲ್ಲಗಳೆಯುವವನು ನ್ಯಾಯವಂತನಾದ ವಿಮರ್ಶಕನಲ್ಲ. ಆದರೆ ದೊಡ್ಡ ಸಂಸ್ಥೆಗಳು ಕೆಲವು ಕೇಂದ್ರನಿಲ್ದಾಣಗಳನ್ನು ಆಯ್ದುಕೊಂಡು, ಸಣ್ಣ ಊರುಗಳಿಂದ ಅಲ್ಲಿಗೆ ಜನರನ್ನು ತಂದು ಮುಟ್ಟಿಸುವ ಕೆಲಸವನ್ನು ಪ್ರಾದೇಶಿಕ ಸಂಸ್ಥೆಗಳಿಗೆ ಗುತ್ತಿಗೆ ಕೊಡತೊಡಗಿದವು. ಟಿಕೆಟ್ಟನ್ನು ಮಾರುವುದು, ದರವನ್ನೂ ವೇಳಾಪಟ್ಟಿಯನ್ನೂ ಕಟ್ಟುವುದು ದೊಡ್ಡ ಸಂಸ್ಥೆ. ಒಂದೊಂದು ಹಾರಾಟಕ್ಕೆ ಇಷ್ಟೆಂದು ಹಣ ಪಡೆದು, ಆ ಸಂಸ್ಥೆಯ ಬಣ್ಣ ಬಳಿದ ವಿಮಾನವನ್ನು ಹಾರಿಸುವುದು ಸಣ್ಣದು. ಇಂತಹ ಬಹುಪಾಲು ಒಪ್ಪಂದಗಳಲ್ಲಿ ಇಂಧನದ ವೆಚ್ಚ ದೊಡ್ಡ ಸಂಸ್ಥೆಯದೇ. ಹಾಗಾದ ಮೇಲೆ, ಎದುರಾಳಿಗಿಂತ ಕಡಮೆ ಮೊತ್ತಕ್ಕೆ ಗುತ್ತಿಗೆ ಹಿಡಿಯಬೇಕಾದ ಸಣ್ಣ ಸಂಸ್ಥೆಗೆ ಇಳಿಸಲು ಉಳಿದ ಮುಖ್ಯ ವೆಚ್ಚವಾದರೂ ಯಾವುದು? ದುಡಿಯುವವರ ಸಂಬಳ.

ಇದರಿಂದ ವಿಲಕ್ಷಣವಾದ ಫಲವೊಂದು ಹುಟ್ಟಿತು. ಸಂಸ್ಥೆ ಹಳೆಯದಾಗುತ್ತ ಬಂದಂತೆ ಅದರ ಚಾಲಕರ ಸೇವಾವಧಿ ಬೆಳೆದು ಸಂಬಳ ಏರುವುದಷ್ಟೆ. ಏರಿದ ಕೂಡಲೇ ಅದರ ಗುತ್ತಿಗೆ, ಹೊಸಬರನ್ನೇ ತುಂಬಿಕೊಂಡಿರುವ ಇನ್ನೊಂದು ಸಂಸ್ಥೆಗಿಂತ ದುಬಾರಿಯಾಗುವುದು. ಅನುಭವವುಳ್ಳ ಸಿಬ್ಬಂದಿಯಿರುವುದೇ ಸಂಸ್ಥೆಯ ದೋಷವಾಗುವ ವ್ಯಾಪಾರಗಳು ಪ್ರಪಂಚದಲ್ಲಿ ಮತ್ತೆಷ್ಟಿವೆಯೋ ನಾನರಿಯೆ. ಕಾಮೇರ್ ಎಂಬ ಪ್ರಾದೇಶಿಕ ಸಂಸ್ಥೆಯ ಪೈಲಟರು 2001ರಲ್ಲಿ 89 ದಿನ ಮುಷ್ಕರ ಹೂಡಿ ಉತ್ತಮ ವೇತನವನ್ನು ಪಡೆದರು. 2012ರಲ್ಲಿ ಅದರ ಒಡೆತನವಿದ್ದ ಡೆಲ್ಟಾ ಅದನ್ನು ಮುಚ್ಚಿತು. ವಿಮಾನಗಳು ಹಳೆಯವು, ಚಿಕ್ಕವು ಎಂಬುದರ ಜೊತೆಗೆ ಖರ್ಚು ಹೆಚ್ಚೆಂಬುದೂ ಆಗ ಕೊಟ್ಟ ಕಾರಣಗಳಲ್ಲೊಂದಾಗಿತ್ತು.

ಸಂಬಳ ಲೆಕ್ಕಹಾಕುವ ಕ್ರಮವೂ ಹೊರಗಿನವರಿಗೆ ಸೋಜಿಗವೆನಿಸೀತು. ಪೈಲಟಿನ ಗಂಟೆ ಮೊದಲಾಗುವುದು ಬಾಗಿಲು ಮುಚ್ಚಿ ವಿಮಾನ ಕದಲಿದಾಗ. ಮುಗಿಯುವುದು ಅದು ಇನ್ನೊಂದು ನಿಲ್ದಾಣದಲ್ಲಿ ನಿಂತಾಗ. ಹವಾಮಾನದ ವರದಿಯನ್ನು ಓದುವುದು, ವಿಮಾನದ ಸುತ್ತ ನಡೆದು ಪರೀಕ್ಷಿಸುವುದು, ಮಂಜು ತಿಳಿಯಾಗಲೆಂದೋ ಮುಂದಿನ ಹಾರಾಟದ ವೇಳೆಯಾಗಲೆಂದೋ ನಿಲ್ದಾಣದಲ್ಲಿ ಕಾದು ಕುಳಿತಿರುವುದು, ಇವಾವುವೂ ಆ ಗಣನೆಗೆ ಸೇರವು. ಬೆಳಗ್ಗೆ ಐದಕ್ಕೆ ಹಾಜರಾಗಿ ಸಂಜೆ ಆರಕ್ಕೆ ಬಿಡುಗಡೆ ಹೊಂದಿದವನ ಲೆಕ್ಕದಲ್ಲಿ ಐದಾರು ಗಂಟೆ ಮಾತ್ರ ಜಮೆಯಾಗುವುದುಂಟು. ತಿಂಗಳಿಗೆ ಸಾಮಾನ್ಯವಾಗಿ 75 ಗಂಟೆಗಳಷ್ಟರ ಖಾತರಿ. ಬಫಲೋ ದುರಂತದ ಕಾಲದ ಹೊಸ ಸಹಚಾಲಕನಿಗೆ ಗಂಟೆಗೆ 22 ಡಾಲರೆಂದು ಇಟ್ಟುಕೊಂಡರೆ ವರ್ಷಕ್ಕೆ 19,800 ಡಾಲರಾಯಿತು. ತರಬೇತಿಗಾಗಿ ಮಾಡಿದ ಸಾಲದ ಕಂತನ್ನು ಕಳೆಯಬೇಕಾದುದೂ ಇದರಲ್ಲೇ. ಹೆಚ್ಚು ಹಾರಿ ಹೆಚ್ಚು ಗಳಿಸೋಣವೆಂದರೆ, ವರ್ಷಕ್ಕೆ ಸಾವಿರ ಗಂಟೆಗಳನ್ನು ಮೀರಕೂಡದೆಂದು ಕಾನೂನಿದೆ, ಅದು ಇರತಕ್ಕದ್ದೇ.

ಇಷ್ಟು ಕಡಮೆ ಸಂಬಳಕ್ಕೆ ಬೇಸತ್ತವನು ಬೇರೆ ಸಂಸ್ಥೆಗೆ ಹೋಗಬಾರದೇಕೆಂದು ಕೇಳಬಹುದು. ಉತ್ತರ ಜ್ಯೇಷ್ಠತಾ ಪಟ್ಟಿಯಲ್ಲಿದೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಬಡ್ತಿಯ ಕಾಲಕ್ಕೆ ಹೊರಬಂದು ಜಗಳವೆಬ್ಬಿಸಿ ಮತ್ತೆ ಬೀರುವನ್ನು ಸೇರುವ ಆ ಪಟ್ಟಿ, ಅಮೆರಿಕದ ಪೈಲಟಿನ ಬದುಕಿನಲ್ಲಿ ಪ್ರತಿ ತಿಂಗಳೂ ಆಳುವ ದೊರೆ. ಯಾವ ವಿಮಾನ, ಯಾವ ಊರಿನ ನೆಲೆ, ಯಾವ ಮಾರ್ಗ, ಹಬ್ಬದ ದಿನ ಮನೆಯೋ ಆಕಾಶವೋ, ಎಲ್ಲವನ್ನೂ ಸಿಬ್ಬಂದಿ ಕೋರಿಕೆ ಸಲ್ಲಿಸಿ ಪಡೆಯಬೇಕು. ಕೋರಿಕೆಗಳು ಈಡೇರುವುದು ಪಟ್ಟಿಯ ಕ್ರಮದಲ್ಲಿ. ಕಡೆಯವನಿಗೆ ಉಳಿಯುವುದು ರಿಸರ್ವ್ ಪಾಳಿ, ಎಂದರೆ ಕರೆ ಬಂದೊಡನೆ ಹೊರಡಲು ದೂರವಾಣಿಯ ಪಕ್ಕದಲ್ಲಿ ಕಾದಿರುವುದು. ಸಂಸ್ಥೆಯನ್ನು ಬದಲಿಸಿದವನಾದರೆ, ಊಟದ ನಡುವೆ ಒಂದು ಪಂಕ್ತಿಯಿಂದೆದ್ದು ಮತ್ತೊಂದಕ್ಕೆ ಹೋದವನಂತೆ ಕೊನೆಯ ಎಲೆಯ ಮುಂದೆ ಕುಳಿತುಕೊಳ್ಳಬೇಕು. ಇಪ್ಪತ್ತು ವರ್ಷದ ಅನುಭವವಿದ್ದರೂ ಮೊದಲ ವರ್ಷದ ಸಂಬಳ. 2007ರ ಡಿಸೆಂಬರಿನಲ್ಲಿ ನಿವೃತ್ತಿಯ ವಯಸ್ಸು 60ರಿಂದ 65ಕ್ಕೇರಿದಾಗ ಹಿರಿಯರಿಗೆ, ಅದರಲ್ಲಿಯೂ ಪಿಂಚಣಿ ಕಳೆದುಕೊಂಡಿದ್ದವರಿಗೆ, ಅದು ಉಪಕಾರವಾಯಿತು. ಕೆಳಗಿದ್ದವರ ಮುನ್ನಡೆ ಐದು ವರ್ಷ ಸ್ತಂಭಿಸಿತು. ಈ ಪಟ್ಟಿಯನ್ನು ಮಾಲೀಕರೊಬ್ಬರೇ ಹೇರಿದ್ದಲ್ಲ. ಪಕ್ಷಪಾತವನ್ನು ತಡೆಯಲೆಂದು, ಸುರಕ್ಷತೆಗಾಗಿ ಹಾರಾಟವನ್ನು ನಿರಾಕರಿಸಿದವನು ದಂಡನೆಗೆ ಗುರಿಯಾಗದಿರಲೆಂದು, ಕಾರ್ಮಿಕ ಸಂಘಗಳೇ ಅದನ್ನು ಕಾಪಾಡಿಕೊಂಡು ಬಂದಿವೆ. ಆ ಸದುದ್ದೇಶವನ್ನು ಗೌರವಿಸಿಯೂ ಹೇಳಬೇಕಾದದ್ದೇನೆಂದರೆ, ಕಿರಿಯರ ಅಭಾವದ ಮೇಲೆ ಹಿರಿಯರ ಅನುಕೂಲವನ್ನು ಕಟ್ಟುವ ಈ ಏರ್ಪಾಡು, ಎಂದಾದರೊಂದು ದಿನ ತಾನೂ ಹಿರಿಯನಾಗುವೆನೆಂಬ ಆಶೆಯೊಂದರಿಂದಲೇ ನಡೆಯತಕ್ಕದ್ದು. ದೊಡ್ಡ ಸಂಸ್ಥೆಗಳು ಸಾಲಾಗಿ ದಿವಾಳಿ ಅರ್ಜಿ ಹಾಕಿದ ಆ ದಶಕದಲ್ಲಿ, 2005ರಲ್ಲಿ ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಒಂದೇ ದಿನ ನ್ಯಾಯಾಲಯದ ಬಾಗಿಲು ತಟ್ಟಿದ ಆ ಕಾಲದಲ್ಲಿ, ಆ ಆಶೆಗೆ ಆಧಾರವೇ ಇರಲಿಲ್ಲ.

ಪೈಲಟರೇನು ದೀನರಲ್ಲ, ದೊಡ್ಡ ವಿಮಾನದ ಕ್ಯಾಪ್ಟನಿಗೆ ದೊರೆಯುವ ಸಂಬಳವನ್ನು ಕಂಡು ಯಾರಾದರೂ ಕರುಬಿಯಾರು ಎಂಬ ಆಕ್ಷೇಪ ಸರಿಯೇ. ಗಣಿಯಲ್ಲಿಯೂ ಗದ್ದೆಯಲ್ಲಿಯೂ ದುಡಿಯುವವರ ಮುಂದೆ ಇವರ ಅಳಲು ಹಗುರ. ಆದರೆ ಇಲ್ಲಿಯ ಪ್ರಶ್ನೆ ಕರುಣೆಯದಲ್ಲ. ನ್ಯೂವಾರ್ಕಿನಲ್ಲಿ ನೆಲೆಯಿದ್ದ ಕೋಲ್ಗನ್ನಿನ 137 ಪೈಲಟರಲ್ಲಿ 93 ಮಂದಿ ದೂರದೂರುಗಳಿಂದ ಬರುವವರಾಗಿದ್ದರೆಂದೂ, ಅವರಲ್ಲಿ 29 ಮಂದಿಯ ಮನೆಗಳು ಸಾವಿರ ಮೈಲಿಗೂ ಆಚೆ ಇದ್ದವೆಂದೂ ತನಿಖೆಯಲ್ಲಿ ಕಂಡುಬಂದಿತು. ಹೀಗೆ ಬಂದವರು ತಂಗುವುದು ಕ್ರ್ಯಾಶ್ ಪ್ಯಾಡ್ ಎಂದು ತಾವೇ ಹೆಸರಿಟ್ಟಿರುವ ಬಾಡಿಗೆ ಕೋಣೆಗಳಲ್ಲಿ, ಒಂದು ಹಾಸಿಗೆಯಿಂದ ಒಬ್ಬನೆದ್ದರೆ ಇನ್ನೊಬ್ಬ ಮಲಗುವ ಕ್ರಮದಲ್ಲಿ. ಲಾಸ್ ಏಂಜಲಿಸ್ ನಿಲ್ದಾಣದ ವಾಹನ ನಿಲುಗಡೆಯ ಬಯಲಿನಲ್ಲಂತೂ ವಿಮಾನ ನೌಕರರು ಗಾಲಿಮನೆಗಳಲ್ಲಿ ಒಂದು ಕೇರಿಯನ್ನೇ ಕಟ್ಟಿಕೊಂಡಿದ್ದರು.

2010ರ ಫೆಬ್ರವರಿಯಲ್ಲಿ ಅಮೆರಿಕದ ಸಾರ್ವಜನಿಕ ದೂರದರ್ಶನದ ಫ್ರಂಟ್‌ಲೈನ್ ಮಾಲಿಕೆಯಲ್ಲಿ ಪ್ರಸಾರವಾದ ‘ಫ್ಲೈಯಿಂಗ್ ಚೀಪ್’ ಎಂಬ ಸಾಕ್ಷ್ಯಚಿತ್ರ ಈ ವಿಷಯದಲ್ಲಿ ಒಳ್ಳೆಯ ಕೆಲಸ ಮಾಡಿತು. ಸ್ವತಃ ವಿಮಾನ ನಡೆಸಬಲ್ಲ ಪತ್ರಕರ್ತ ಮೈಲ್ಸ್ ಓಬ್ರಿಯನ್ ಅದರಲ್ಲಿ ನಮ್ಮ ಕಣ್ಣಿಗೆ ತಂದದ್ದು, ಹೆಸರು ಒಬ್ಬರದು ಹೊಣೆ ಇನ್ನೊಬ್ಬರದೆಂಬ ಗುತ್ತಿಗೆಯ ಚಮತ್ಕಾರವನ್ನು. ಜ್ಯೇಷ್ಠತೆಯ ವಿಷಯಕ್ಕೆ ಅದು ತಕ್ಕ ಗಮನವನ್ನು ಕೊಡಲಿಲ್ಲವೆಂದು ನನ್ನ ಭಾವನೆ. ಖಳನಾಯಕನೊಬ್ಬನಿದ್ದರೆ ಚಿತ್ರಕ್ಕೆ ಸೌಕರ್ಯ, ಪಟ್ಟಿಗೆ ಮುಖವಿಲ್ಲ.

ಬಫಲೋ ದುರಂತದಲ್ಲಿ ಮೃತರಾದವರ ಬಂಧುಗಳ ಅವಿಶ್ರಾಂತ ಒತ್ತಾಯದಿಂದ 2010ರ ಆಗಸ್ಟಿನಲ್ಲಿ ಹೊಸ ಕಾನೂನು ಬಂದಿತು. ಹಿಂದೆ 250 ಗಂಟೆಗಳ ಅನುಭವದಿಂದಲೂ ಸಹಚಾಲಕನಾಗಬಹುದಾಗಿದ್ದ ಕಡೆ, ಸಾಮಾನ್ಯವಾಗಿ 1,500 ಗಂಟೆ ಬೇಕೆಂದಾಯಿತು. ಬಫಲೋದ ಕ್ಯಾಪ್ಟನಿಗೆ 3,379 ಗಂಟೆಗಳ, ಸಹಚಾಲಕಿಗೆ 2,244 ಗಂಟೆಗಳ ಅನುಭವವಿತ್ತು ಎಂಬುದನ್ನು ನೆನೆದರೆ, ಯಾವ ದುರಂತದ ಹೆಸರಿನಲ್ಲಿ ಈ ನಿಯಮ ಹುಟ್ಟಿತೋ ಆ ದುರಂತವನ್ನೇ ಅದು ತಪ್ಪಿಸುತ್ತಿರಲಿಲ್ಲವೆಂಬುದು ಸ್ಪಷ್ಟ. ಆದರೂ ಅದು ಯಾರೂ ಮಾತುಕೊಡದಿದ್ದ ಇನ್ನೊಂದು ಫಲವನ್ನು ಕೊಟ್ಟಿತು: ಹೊಸ ಪೈಲಟರ ಬರವು ವಿರಳವಾಯಿತು. 2016ರಲ್ಲಿ ಪ್ರಾದೇಶಿಕ ಸಂಸ್ಥೆಯಾದ ರಿಪಬ್ಲಿಕ್ ಏರ್‌ವೇಸ್ ದಿವಾಳಿ ಅರ್ಜಿ ಹಾಕಿ ಪೈಲಟರ ಕೊರತೆಯನ್ನು ಕಾರಣಗಳಲ್ಲಿ ಹೇಳಿತು. ಸಾಂಕ್ರಾಮಿಕದ ಕಾಲದಲ್ಲಿ ಹಿರಿಯರನೇಕರು ಮುಂಚಿತವಾಗಿ ನಿವೃತ್ತರಾದ ಮೇಲೆ, 2022ರಲ್ಲಿ ಅಮೆರಿಕನ್ ಏರ್‌ಲೈನ್ಸಿನ ಅಂಗಸಂಸ್ಥೆಗಳು ಹೊಸ ಸಹಚಾಲಕನಿಗೆ ಗಂಟೆಗೆ 90 ಡಾಲರ್ ಕೊಡಲೊಪ್ಪಿದವು. ನ್ಯಾಯಬುದ್ಧಿಗೆ, ವಿಚಾರಣೆಗೆ, ಐವತ್ತು ಮರಣಗಳಿಗೆ ಮಣಿಯದ ಸಂಬಳ ಅಭಾವಕ್ಕೆ ಮಣಿಯಿತು. ಅಭಾವದಿಂದ ಬಂದದ್ದು ಅಭಾವ ತೀರಿದರೆ ನಿಲ್ಲುವುದೇ? ಗುತ್ತಿಗೆಯ ಕ್ರಮ ಹಾಗೆಯೇ ಇದೆ, ಪಟ್ಟಿಯೂ ಹಾಗೆಯೇ ಇದೆ. ಮುಂದಿನ ಮುಗ್ಗಟ್ಟಿನಲ್ಲಿ ಮೊದಲು ಮನೆಗೆ ಹೋಗತಕ್ಕವನು ಕಡೆಗೆ ಬಂದವನೇ.

ನಿದ್ರೆಯ ಬಗ್ಗೆ 2014ರ ಜನವರಿಯಿಂದ ಬೇರೊಂದು ನಿಯಮಾವಳಿ ಜಾರಿಯಲ್ಲಿದೆ. ಎಂಟು ಗಂಟೆಯವರೆಗೂ ಇಳಿಸಬಹುದಾಗಿದ್ದ ವಿಶ್ರಾಂತಿಯನ್ನು ಅದು ಹತ್ತಕ್ಕೆ ಏರಿಸಿ, ಅದರೊಳಗೆ ಎಂಟು ಗಂಟೆ ನಿದ್ರೆಗೆ ಅವಕಾಶವಿರಬೇಕೆಂದಿತು. ಒಳ್ಳೆಯದೇ, ಆದರೆ ಸರಕು ವಿಮಾನಗಳನ್ನು ಖರ್ಚಿನ ನೆಪದಿಂದ ಅದರ ಹೊರಗಿಟ್ಟರು. ಮನೆಯಿಂದ ನೆಲೆಗೆ ಬರುವ ದೂರದ ವಿಷಯದಲ್ಲಿ, ನಿಯಮ ಮಾಡುವಷ್ಟು ಆಧಾರ ದೊರೆಯಲಿಲ್ಲವೆಂದು ವಿದ್ವಾಂಸರ ಸಮಿತಿಯೊಂದು 2011ರಲ್ಲಿ ವರದಿ ಕೊಟ್ಟುದರಿಂದ, ಅದು ಚಾಲಕನ ಸ್ವಂತ ವ್ಯವಹಾರವಾಗಿಯೇ ಉಳಿಯಿತು. ಅದರ ಬದಲಿಗೆ, ಪ್ರತಿ ಹಾರಾಟಕ್ಕೂ ಮುಂಚೆ ತಾನು ಕರ್ತವ್ಯಕ್ಕೆ ಅರ್ಹನಾಗಿದ್ದೇನೆಂದು ಪೈಲಟನೇ ದೃಢೀಕರಿಸತಕ್ಕದ್ದೆಂದು ವಿಧಿಸಲಾಗಿದೆ. ಬಫಲೋ ವಿಮಾನದ ಧ್ವನಿಮುದ್ರಿಕೆಯಲ್ಲಿ, ನೆಗಡಿಯಿಂದ ಬಳಲುತ್ತಿದ್ದ ಸಹಚಾಲಕಿ, ಈಗ ಕಾಯಿಲೆಯೆಂದು ರಜೆ ಹೇಳಿದರೆ ಗುಣವಾಗುವವರೆಗೆ ತನ್ನ ಖರ್ಚಿನಲ್ಲೇ ಹೋಟೆಲಿನಲ್ಲಿ ಇರಬೇಕಾಗುವುದೆಂಬ ಅರ್ಥದ ಮಾತನ್ನಾಡಿದ್ದಳು. ಆಯಾಸದಿಂದ ಹಾರಾಟವನ್ನು ಬಿಟ್ಟವನಿಗೆ ಆ ದಿನದ ಸಂಬಳ ಉಂಟೋ ಇಲ್ಲವೋ ಎಂಬುದನ್ನು ನಿಯಮಾವಳಿ ಹೇಳುವುದಿಲ್ಲ. ಅದನ್ನು ಒಂದೊಂದು ಸಂಸ್ಥೆಯ ಒಪ್ಪಂದಕ್ಕೆ ಬಿಟ್ಟಿದ್ದಾರೆ.