ತುಂಬದ ಗುಂಡಿಯ ಹೆಗ್ಗಳಿಕೆ

ಬೆಂಗಳೂರಿನ ಹೊರವಲಯದ ರಾಜಾನುಕುಂಟೆ ಸುತ್ತಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರಿಗೆ ಮೇಸ್ತ್ರಿಗಳು ಕೊಡುವ ದೊಡ್ಡ ಭರವಸೆ ಇದು: “ನಾವು ಹಾಕಿದ ಗುಂಡಿ ಹತ್ತು ವರ್ಷವಾದ್ರೂ ತುಂಬಲ್ಲ ಸಾರ್.” ಕೇಳುವವರಿಗೂ ಅದೇ ಬೇಕು. ಯುಜಿಡಿ, ಅಂದರೆ ಒಳಚರಂಡಿ, ಬಾರದ ಕಡೆ ತುಂಬದ ಗುಂಡಿಯೇ ಒಳ್ಳೆಯ ಸೆಪ್ಟಿಕ್ ಟ್ಯಾಂಕ್ ಎಂಬ ನಂಬಿಕೆ ಬೇರೂರಿಬಿಟ್ಟಿದೆ. ಈ ಕೀರ್ತಿಗೆ ಆಧಾರವಿಲ್ಲ.

ಇಲ್ಲಿ ಸೆಪ್ಟಿಕ್ ಟ್ಯಾಂಕ್ ಎಂದು ಹಾಕುವುದು ಬಹುಮಟ್ಟಿಗೆ ರಿಂಗ್ ಗುಂಡಿಯನ್ನೇ. ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ತಳವನ್ನು ಮಣ್ಣಿಗೇ ಬಿಟ್ಟು, ಮೇಲೆ ಚಪ್ಪಡಿ ಮುಚ್ಚುತ್ತಾರೆ. ಐಎಸ್ 2470 ಮಾನದಂಡ ಹೇಳುವ ಟ್ಯಾಂಕೇ ಬೇರೆ: ಕನಿಷ್ಠ 1,000 ಲೀಟರ್ ಹಿಡಿಯಬೇಕು, 750 ಮಿ.ಮೀ. ಅಗಲವಿರಬೇಕು, ಉದ್ದ ಅಗಲದ ಎರಡರಿಂದ ನಾಲ್ಕು ಪಟ್ಟು ಇರಬೇಕು, ನೀರು ಸೋರಬಾರದು. ಆ ಉದ್ದಕ್ಕೆ ಕಾರಣವಿದೆ. ನೀರು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸಾಗುವಾಗ ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರಷ್ಟೇ ಟಿ-ಪೈಪಿನಿಂದ ಹೊರಹೋಗುತ್ತದೆ. ತಳದ ಕೆಸರನ್ನು ಸೂಕ್ಷ್ಮಜೀವಿಗಳು ಒಂದಷ್ಟು ಅರಗಿಸುತ್ತವೆ, ಪೂರ್ತಿಯಾಗಿ ಅಲ್ಲ. ಹಾಗಾಗಿ ಸರಿಯಾದ ಟ್ಯಾಂಕಿನಲ್ಲಿ ಕೆಸರು ಸೇರಲೇಬೇಕು, ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಲೇಬೇಕು. ಹತ್ತು ವರ್ಷ ತುಂಬದ ಗುಂಡಿ ತನ್ನ ನೀರನ್ನೆಲ್ಲ ನೆಲದೊಳಕ್ಕೆ ಬಿಟ್ಟಿದೆ, ಅಷ್ಟೆ.

ಇನ್ನು ಜಾಗದ ಲೆಕ್ಕ. ಅದೇ ಮಾನದಂಡದ ಪ್ರಕಾರ ಇಂಗುವ ವ್ಯವಸ್ಥೆ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 59 ಅಡಿ ದೂರವಿರಬೇಕು. 30×40 ಸೈಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದರೆ ಸಿಗುವುದು 50 ಅಡಿ. ಈಶಾನ್ಯಕ್ಕೆ ಬೋರ್‌ವೆಲ್, ನೈಋತ್ಯಕ್ಕೆ ಗುಂಡಿ ಇಟ್ಟರೂ ದೂರ ಸಾಲದು. ನಿಮ್ಮ ಗುಂಡಿ ನಿಮ್ಮ ಬೋರ್‌ವೆಲ್‌ನಿಂದ ದೂರ ಸರಿದಷ್ಟೂ ಪಕ್ಕದ ಮನೆಯವರ ಬೋರ್‌ವೆಲ್‌ಗೆ ಹತ್ತಿರವಾಗುತ್ತದೆ. ನಮ್ಮ ನೆಲದಡಿ ಇರುವುದು ಬಿರುಕುಬಿಟ್ಟ ಗಟ್ಟಿ ಕಲ್ಲು. ಬಿರುಕಿಗೆ ಇಳಿದ ನೀರು ಮಣ್ಣಿನಲ್ಲಿ ಸೋಸಿಕೊಳ್ಳುವಂತೆ ಅಲ್ಲಿ ಸೋಸಿಕೊಳ್ಳುವುದಿಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ಮೀರಬಾರದು. ಮೀರಿದ ಮೇಲೆ ಕುದಿಸಿದರೂ ಅದು ಹೋಗುವುದಿಲ್ಲ.

ನಗರದ ನೀರಿನ ಬಗ್ಗೆ ಬರೆಯುವ ಕೆಲವರ ಜೊತೆಗೂ ನನಗೆ ತಕರಾರಿದೆ. ಸಕ್ಕಿಂಗ್ ಲಾರಿ ಗುಂಡಿಯಿಂದ ಎಳೆದ ಕೆಸರನ್ನು ರೈತರ ಹೊಲಕ್ಕೆ ಸುರಿಯುವುದನ್ನು ಅವರು ಬೆಂಗಳೂರಿನ ದೇಸಿ ಜಾಣ್ಮೆಯೆಂದು ಹೊಗಳುತ್ತಾರೆ. ಕೆಸರಿನಲ್ಲಿ ಸಾರಜನಕ, ರಂಜಕಗಳಿರುವುದು ನಿಜ. ಹಸಿ ಕೆಸರಿನಲ್ಲಿ ಜಂತುಹುಳದ ಮೊಟ್ಟೆಗಳೂ ಇರುತ್ತವೆ, ಆ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರು ಹೊಗಳುವ ಲೇಖಕರಲ್ಲ. ಕೆಸರನ್ನು ಒಣಗಿಸಿ, ಹಸಿ ಕಸದ ಜೊತೆ ಕಾಂಪೋಸ್ಟ್ ಮಾಡಿ ಕೊಡುವ ದಾರಿ ದೇವನಹಳ್ಳಿಯಲ್ಲೇ ಇದೆ. ಅಲ್ಲಿನ ಮಲಕೆಸರು ಸಂಸ್ಕರಣಾ ಘಟಕ ಶುರುವಾಗಿದ್ದು 2015ರಲ್ಲಿ, ಸಾಮರ್ಥ್ಯ ದಿನಕ್ಕೆ 6,000 ಲೀಟರ್. ಇಷ್ಟು ಹತ್ತಿರ ಮಾದರಿ ಇರುವಾಗ ಹಸಿ ಕೆಸರಿಗೆ ಪ್ರಶಸ್ತಿ ಯಾಕೆ?

ರಿಂಗ್ ಗುಂಡಿ ಅಗ್ಗ, ಎರಡು ದಿನದ ಕೆಲಸ, ಒಪ್ಪುತ್ತೇನೆ. ಮನೆ ವಿರಳವಾಗಿದ್ದ, ಬಾವಿ ದೂರವಿದ್ದ ಹಳ್ಳಿಯಲ್ಲಿ ಅದು ನಡೆದಿರಬಹುದು. ಬೋರ್‌ವೆಲ್ ನಂಬಿದ ಒತ್ತೊತ್ತಾದ ಬಡಾವಣೆಗೆ ಅದು ಸಲ್ಲದು. ಮಾನದಂಡದಂತೆ ಕಟ್ಟಿದ ಟ್ಯಾಂಕ್ ಕೂಡ ಅರ್ಧ ಉತ್ತರವೇ. ಅದರಿಂದ ಹೊರಬರುವ ನೀರು ಶುದ್ಧವಲ್ಲ, ಅದಕ್ಕೆ ಬಡಾವಣೆಯವರೆಲ್ಲ ಸೇರಿ ಒಂದು ಸಂಸ್ಕರಣೆಯ ವ್ಯವಸ್ಥೆ ಮಾಡಿಕೊಳ್ಳಬೇಕು.

ಈಗ ಮನೆ ಕಟ್ಟುತ್ತಿರುವವರಲ್ಲಿ ನನ್ನ ಕೋರಿಕೆ: ತಳಕ್ಕೆ ಕಾಂಕ್ರೀಟ್ ಹಾಕಿಸಿ. ಪೈಪಿನ ಬಾಯಿ ಮುಚ್ಚಿ, ಟ್ಯಾಂಕಿಗೆ ನೀರು ತುಂಬಿಸಿ, ಮಟ್ಟಕ್ಕೆ ಗುರುತು ಹಾಕಿ, 24 ಗಂಟೆ ಬಿಟ್ಟು ನೋಡಿ. ನೀರು ಇಳಿದಿದ್ದರೆ ಮೇಸ್ತ್ರಿಗೆ ಬಾಕಿ ಕೊಡಬೇಡಿ. ಕೆಸರು ತೆಗೆಸುವಾಗ ಯಂತ್ರವನ್ನೇ ಕರೆಸಿ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಗಿಳಿಸುವುದು ಮಲಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ.